ಗ್ರಾಹಕ ಕಾನೂನಿನಲ್ಲಿ ಒಂದೇ ಒಂದು ಬದಲಾವಣೆ ಕೇಳಬಹುದು ಅಂದ್ರೆ ನೀವು ಏನು ಕೇಳ್ತೀರಿ?

ಹೊಲದ ಹುಡುಗ, ಆಳಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಪೂರ್ತಿ ಓದಿ.

ಹೋದ ಜೂನ್‌ನಲ್ಲಿ ಆರು ಎಕರೆಗೆ ತೊಗರಿ ಬೀಜ ತಂದೆ. ಐದು ಕೆಜಿಯ ಆರು ಪಾಕೀಟು. ಮೊಳಕೆ ಕನಿಷ್ಠ ಶೇ. 75 ಅಂತ ಪಾಕೀಟಿನ ಮೇಲೆ ಅಚ್ಚು ಹಾಕಿತ್ತು. ಮಳೆ ಚೆನ್ನಾಗಿ ಬಿದ್ದಿತ್ತು, ಭೂಮಿ ಹಸಿ ಇತ್ತು, ಬಿತ್ತಿದೆವು. ಹತ್ತು ದಿನ ಕಾದರೂ ಅರ್ಧ ಸಾಲೂ ಏಳಲಿಲ್ಲ. ಪಕ್ಕದ ಹೊಲದ ಕಾಕಾ ಮನೆಯಲ್ಲೇ ಕಟ್ಟಿಟ್ಟ ಬೀಜ ಹಾಕಿದ್ದರು. ಅದೇ ದಿನ, ಅದೇ ಕರಿ ಮಣ್ಣು. ಅವರ ಹೊಲದಲ್ಲಿ ದಾರ ಹಿಡಿದ ಹಾಗೆ ಸಾಲು ಎದ್ದಿತು.

ಅಂಗಡಿಗೆ ಹೋದೆ. ಕಂಪನಿಗೆ ಹೇಳ್ತೀವಿ ಅಂದರು. ಕಂಪನಿ ಕಡೆಯವರು ಬಂದು ಹೊಲ ನೋಡಿದರು. "ನೀವು ಆಳ ಬಿತ್ತಿದ್ದೀರಿ" ಅಂದರು. ಬೀಜ ಪರೀಕ್ಷೆ ಮಾಡಿಸಿ ಅಂದೆ. "ಪರೀಕ್ಷೆಗೆ ಬೀಜ ಕೊಡಿ" ಅಂದರು. ಇಡೀ ಪಾಕೀಟು ಮಣ್ಣಲ್ಲಿ ಹಾಕಿದ ಮೇಲೆ ನಾನು ಬೀಜ ಎಲ್ಲಿಂದ ತರಲಿ? ಬಿಲ್ ತೋರಿಸೋಣ ಅಂದರೆ ನನ್ನ ಹತ್ತಿರ ಇರೋದು ಒಂದು ಬಿಳಿ ಚೀಟಿ. ಕೊಳ್ಳುವಾಗ ಬಿಲ್ ಕೇಳಿದ್ದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಬೀಳುತ್ತೆ, ಸುಮ್ನೆ ಯಾಕೆ" ಅಂದಿದ್ದರು.

ಅಪ್ಪ ಮನೆಯಲ್ಲಿದ್ದ ಬೀಜ ತೆಗೆದು ಮತ್ತೆ ಬಿತ್ತಿದರು. ತಡವಾಯಿತು. ಮೊನ್ನೆ ರಾಶಿ ಮಾಡಿದೆವು. ಹೋದ ವರ್ಷದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ದುಡ್ಡು ಹೋಗಿದ್ದಕ್ಕಿಂತ ಇನ್ನೊಂದು ಮಾತು ನನಗೆ ನಿದ್ದೆ ಕೊಡುತ್ತಿಲ್ಲ. ಬೀಜ ಮಾಡಿದವರು ಅವರು, ಕಟ್ಟಿದವರು ಅವರು, ಮಾರಿದವರು ಅವರು. ತಪ್ಪು ಇತ್ತು ಅಂತ ತೋರಿಸೋ ಕೆಲಸ ಮಾತ್ರ ನನ್ನದು. ಇದು ಹೇಗೆ ಸರಿ?

ಗಂಜ್ ರೋಡ್

ಚೀಟಿ ಎಸೆಯಬೇಡಿ ಅಣ್ಣಾ. ಅದರ ಮೇಲೆ ತಾರೀಖು, ಅಂಗಡಿಯವರ ಕೈಬರಹ ಇದ್ದರೆ ಅದೂ ಕೆಲಸಕ್ಕೆ ಬರುತ್ತೆ.

ಲೆಕ್ಕ ಬರೆಯೋನು, ಕಲಬುರಗಿ

ಒಂದು ವಿಷಯ ಮೊದಲು ಸರಿ ಮಾಡ್ತೀನಿ. ಬಿತ್ತನೆ ಬೀಜಕ್ಕೆ ಜಿಎಸ್‌ಟಿಯೇ ಇಲ್ಲ. ಸೊನ್ನೆ. "ಬಿಲ್ ಕೊಟ್ಟರೆ ಜಿಎಸ್‌ಟಿ ಬೀಳುತ್ತೆ" ಅನ್ನೋದು ಪೂರ್ತಿ ಸುಳ್ಳು. ಬೀಜದ ಅಂಗಡಿಯಲ್ಲಿ ಯಾರಾದರೂ ಹೀಗೆ ಹೇಳಿದರೆ ಅಲ್ಲೇ ನಿಂತು ಕೇಳಿ.

ತೆರಿಗೆ ಇರೋ ಸಾಮಾನಿನ ಮಾತೂ ಅಷ್ಟೇ. ಬಿಲ್ ಇಲ್ಲದೆ ಕೊಂಡರೆ ನಿಮಗೆ ಉಳಿದಂತೆ ಕಾಣುತ್ತೆ, ಆದರೆ ಕೈಯಲ್ಲಿದ್ದ ಸಾಕ್ಷಿ ಹೋಗುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರೋದನ್ನೇ ಅನುಚಿತ ವ್ಯಾಪಾರ ಪದ್ಧತಿ ಅಂತ ಬರೆದಿದ್ದಾರೆ. 1986ರ ಹಳೇ ಕಾಯ್ದೆಯಲ್ಲಿ ಇಷ್ಟು ಸ್ಪಷ್ಟವಾಗಿ ಇರಲಿಲ್ಲ.

ದುಕಾನ್‌ದಾರ, ಹುಮನಾಬಾದ್

ನನ್ನದೂ ಒಂದು ಮಾತು ಕೇಳಿ. ನಾನು ಬೀಜದ ಅಂಗಡಿಯವನಲ್ಲ, ಮಿಕ್ಸರ್ ಫ್ಯಾನ್ ಮಾರುತ್ತೇನೆ. ಇಪ್ಪತ್ತು ವರ್ಷ ಆಯಿತು. ಡಬ್ಬಿ ಸೀಲಾಗಿ ಬರುತ್ತೆ, ಸೀಲಾಗಿ ಹೋಗುತ್ತೆ. ಒಳಗೆ ಏನಿದೆ ಅಂತ ನನಗೂ ಗೊತ್ತಿರಲ್ಲ. ಕೆಟ್ಟರೆ ಗಿರಾಕಿ ಬರೋದು ನನ್ನ ಹತ್ತಿರ. ಬೈಯೋದೂ ನನಗೇ. ಕಂಪನಿಗೆ ಫೋನ್ ಮಾಡಿದರೆ "ಒಂದು ಒತ್ತಿ, ಎರಡು ಒತ್ತಿ" ಅಂತ ಅರ್ಧ ಗಂಟೆ. ಎಲ್ಲ ತಪ್ಪನ್ನೂ ಸಣ್ಣ ಅಂಗಡಿಯವರ ತಲೆಗೆ ಕಟ್ಟಬೇಡಿ.

ಹೊಲದ ಹುಡುಗ, ಆಳಂದ

ನಿಮ್ಮ ಕಷ್ಟ ಅರ್ಥ ಆಗುತ್ತೆ ಸರ್. ಆದರೆ ಬಿಲ್ ಕೊಡೋದು ಕಂಪನಿ ಕೈಯಲ್ಲಿ ಇಲ್ಲ, ಅಂಗಡಿಯವರ ಕೈಯಲ್ಲೇ ಇದೆ. ಅಲ್ವಾ?

ದುಕಾನ್‌ದಾರ, ಹುಮನಾಬಾದ್

ಅದು ಒಪ್ತೀನಿ. ನಾನು ಎಲ್ಲರಿಗೂ ಬಿಲ್ ಕೊಡ್ತೀನಿ. ಕೆಲವರು "ಬಿಲ್ ಬೇಡ, ನೂರು ರೂಪಾಯಿ ಕಡಿಮೆ ಮಾಡಿ" ಅಂತ ಅವರೇ ಕೇಳ್ತಾರೆ. ಅದನ್ನೂ ಬರೆಯಿರಿ.

ಕರಿಕೋಟು, ಕಲಬುರಗಿ

ವಕೀಲಿ ಮಾಡೋನು ನಾನು. ಗ್ರಾಹಕರ ಕೇಸುಗಳನ್ನೂ ನಡೆಸಿದ್ದೇನೆ. ಹುಮನಾಬಾದಿನ ಅಣ್ಣಾರಿಗೆ ಮೊದಲು ಸಮಾಧಾನ ಹೇಳ್ತೀನಿ. 2019ರ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಹೊಸ ಅಧ್ಯಾಯ ಬಂದಿದೆ. ಕೆಟ್ಟ ವಸ್ತುವಿನಿಂದ ಮೈಗೋ ಆಸ್ತಿಗೋ ಹಾನಿಯಾದರೆ ಮುಖ್ಯ ಹೊಣೆ ತಯಾರಕನದು. ಮಾರಾಟಗಾರನ ಮೇಲೆ ಬರೋದು ಕೆಲವು ಸಂದರ್ಭದಲ್ಲಿ ಮಾತ್ರ: ವಸ್ತುವನ್ನು ತಾನೇ ಬದಲಾಯಿಸಿದ್ದರೆ, ತಾನೇ ಬೇರೆ ಭರವಸೆ ಕೊಟ್ಟಿದ್ದರೆ, ತಯಾರಕ ಯಾರು ಅಂತಲೇ ಗೊತ್ತಾಗದಿದ್ದರೆ, ಹೀಗೆ.

ಈಗ ಆಳಂದದ ತಮ್ಮನಿಗೆ. "ಬೀಜ ಕೊಡಿ, ಪರೀಕ್ಷೆ ಮಾಡಿಸೋಣ" ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ 2012ರಲ್ಲೇ ಒಪ್ಪಿಲ್ಲ. ಅದು ರಾಷ್ಟ್ರೀಯ ಬೀಜ ನಿಗಮದ ಪ್ರಕರಣ, ಆಂಧ್ರದ ರೈತರು ಹಾಕಿದ್ದು. ರೈತ ಬೀಜವನ್ನೆಲ್ಲ ಬಿತ್ತಿಬಿಡ್ತಾನೆ, ಪರೀಕ್ಷೆಗೆ ಅಂತ ಎತ್ತಿಡ್ತಾನೆ ಅಂತ ಯಾರೂ ನಿರೀಕ್ಷಿಸೋಕೆ ಆಗಲ್ಲ ಅಂತ ಕೋರ್ಟ್ ಹೇಳಿತು. ರೈತ ಗ್ರಾಹಕನೇ ಅಂತಲೂ ಹೇಳಿತು. ಬೀಜ ಕಾಯ್ದೆ ಬೇರೆ ಇದೆ, ಅದಕ್ಕೇ ಹೋಗಿ ಅಂತ ಕಳಿಸೋ ಹಾಗಿಲ್ಲ.

ಆದ್ದರಿಂದ ನಿಮ್ಮ ಕೇಸು ಸತ್ತಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಇನ್ನೂ ಟೈಮ್ ಇದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರೋ ಜಿಲ್ಲೆಯಲ್ಲೇ, ಅಂದ್ರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಇದೂ 2019ರ ಕಾಯ್ದೆ ತಂದ ಅನುಕೂಲ.

ಶಹಾಪುರ 98

ಇಷ್ಟೆಲ್ಲ ಕಾನೂನಿದ್ದ ಮೇಲೆ ಬದಲಾವಣೆ ಯಾಕೆ ಕೇಳ್ತಿದ್ದೀರಿ? ಇರೋದನ್ನ ನಡೆಸಿದರೆ ಸಾಕು.

ಬೀಜ ನೋಡಿದವನು, ಸೇಡಂ

ಸಾಕಾಗಲ್ಲ ತಮ್ಮಾ. ನಾನು ಬೀಜದ ಕೆಲಸದಲ್ಲೇ ಮೂವತ್ತು ವರ್ಷ ಇದ್ದು ನಿವೃತ್ತನಾದೆ. ಗ್ರಾಹಕ ಕಾಯ್ದೆ ಮಾತ್ರ ನೋಡಿದರೆ ಕಾಣಲ್ಲ, ಬೀಜದ ನಿಯಮದ ಪಕ್ಕ ಇಟ್ಟು ಓದಿ.

ಮಾರಿದ ಪ್ರತಿ ಲಾಟಿನ, ಅಂದ್ರೆ ಒಂದೇ ನಂಬರ್ ಹಾಕಿದ ಬೀಜದ ಕಂತಿನ, ಲೆಕ್ಕವನ್ನು ಮೂರು ವರ್ಷ ಇಡಬೇಕು ಅಂತ 1968ರ ಬೀಜ ನಿಯಮಗಳಲ್ಲಿ ಇದೆ. ಮಾದರಿ ಬೀಜವನ್ನೂ ಇಡಬೇಕು. ಆದರೆ ಆ ಲಾಟ್ ಪೂರ್ತಿ ಖಾಲಿಯಾಗಿ ಒಂದು ವರ್ಷ ಆದ ಮೇಲೆ ಮಾದರಿಯನ್ನು ಎಸೆಯಬಹುದು. ಗ್ರಾಹಕ ದೂರು ಕೊಡೋಕೆ ಕಾನೂನು ಎಷ್ಟು ಕಾಲ ಕೊಟ್ಟಿದೆ? ಎರಡು ವರ್ಷ. ಅಂದ್ರೆ ದೂರು ಕೊಡೋ ಹಕ್ಕು ಇನ್ನೂ ಇರುವಾಗಲೇ ಸಾಕ್ಷಿ ಎಸೆಯೋಕೆ ಅನುಮತಿ ಇದೆ.

ಇನ್ನೊಂದು ಇದಕ್ಕಿಂತ ದೊಡ್ಡದು. ಆ ಮಾದರಿಯನ್ನು ಪರೀಕ್ಷೆ ಮಾಡಿಸಬೇಕಾಗಿ ಬಂದರೆ ಶುದ್ಧತೆಗೆ ಮಾತ್ರ ಮಾಡಿಸಬೇಕು ಅಂತ ಅದೇ ನಿಯಮ ಹೇಳುತ್ತೆ. ಮೊಳಕೆಗೆ ಇಲ್ಲ! ನಿಮ್ಮ ತಕರಾರು ಇರೋದೇ ಮೊಳಕೆ ಬರಲಿಲ್ಲ ಅಂತ. ಮಾದರಿ ಗೋದಾಮಿನಲ್ಲಿ ಇದ್ದರೂ ನಿಮ್ಮ ಕೆಲಸಕ್ಕೆ ಬರಲ್ಲ.

ನಾನು ಕೇಳೋ ಬದಲಾವಣೆ ಇದು. ಮಾದರಿಯನ್ನು ಕನಿಷ್ಠ ಎರಡೂವರೆ ವರ್ಷ ಇಡಬೇಕು. ಮೊಳಕೆ ಪರೀಕ್ಷೆಗೂ ಅದನ್ನು ಕೊಡಬೇಕು. ಇಡದಿದ್ದರೆ ಬೀಜ ಕೆಟ್ಟಿತ್ತು ಅಂತಲೇ ಆಯೋಗ ತಿಳಿಯಬೇಕು.

ಕರಿಕೋಟು, ಕಲಬುರಗಿ

ನಿಮ್ಮ ಮಾತಿಗೆ ಒಂದು ಆಕ್ಷೇಪ ಇದೆ ಕಾಕಾ. ಬೀಜ ಇಟ್ಟಷ್ಟೂ ಮೊಳಕೆ ಶಕ್ತಿ ಕಡಿಮೆಯಾಗುತ್ತೆ. ಎರಡು ವರ್ಷ ಆದ ಮೇಲೆ ಪರೀಕ್ಷೆ ಮಾಡಿ "ನೋಡಿ, ಮೊಳಕೆ ಇಲ್ಲ" ಅಂದರೆ ಕಂಪನಿಗೂ ಅನ್ಯಾಯ ಆಗಲ್ವಾ? ಅದಕ್ಕೇ ಶುದ್ಧತೆಗೆ ಮಾತ್ರ ಅಂತ ಬರೆದಿರಬಹುದು.

ಬೀಜ ನೋಡಿದವನು, ಸೇಡಂ

ಸರಿಯಾದ ಪ್ರಶ್ನೆ. 1968ರಲ್ಲಿ ಆ ಮಾತು ನಡೆಯುತ್ತಿತ್ತು. ಈಗ ತಣ್ಣಗೆ, ಒಣಗಿಸಿ ಇಟ್ಟರೆ ತೊಗರಿ ಬೀಜ ಎರಡು ವರ್ಷ ಆರಾಮಾಗಿ ಮೊಳೆಯುತ್ತೆ. ನಮ್ಮ ಮನೆಯ ಹೆಂಗಸರು ಬೂದಿ ಕಲಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಮುಂದಿನ ಬಿತ್ತನೆವರೆಗೆ ಇಡ್ತಾರೆ. ಕಂಪನಿಗೆ ತಣ್ಣನೆಯ ಗೋದಾಮು ಕಟ್ಟಿಸೋಕೆ ಆಗಲ್ವಾ? ಬೇಕಿದ್ದರೆ ಹೀಗೆ ಮಾಡಲಿ: ರೈತ ಬಿತ್ತಿದ ಮೂವತ್ತು ದಿನದೊಳಗೆ ದೂರು ಕೊಟ್ಟರೆ, ಮುಂದಿನ ಹದಿನೈದು ದಿನದಲ್ಲಿ ಅದೇ ಲಾಟಿನ ಮಾದರಿಯನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಬೇಕು. ಆಗ ಯಾರಿಗೂ ಅನ್ಯಾಯ ಇಲ್ಲ.

ಕರಿಕೋಟು, ಕಲಬುರಗಿ

ಇದು ಒಪ್ಪಬಹುದಾದ ಮಾತು.

ಭಾಲ್ಕಿ ಅಕ್ಕ

ನನ್ನದು ಬೇರೆ ಕಥೆ. ಅತ್ತೆಗೆ ಆರೋಗ್ಯ ವಿಮೆ ಮಾಡಿಸಿದ್ದೆವು. ಏಜೆಂಟ್ ಮನೆಗೆ ಬಂದು ಚಹಾ ಕುಡಿದು, ಕನ್ನಡದಲ್ಲಿ ಚೆನ್ನಾಗಿ ಮಾತಾಡಿ, "ಎಲ್ಲ ಸಿಗುತ್ತೆ ಅಕ್ಕಾರೇ" ಅಂದ. ಬಂದ ಕಾಗದ ಮೂವತ್ತು ಪುಟ, ಎಲ್ಲ ಇಂಗ್ಲಿಷ್. ಅತ್ತೆಗೆ ಮೊದಲಿಂದ ಬಿಪಿ ಇದೆ ಅಂತ ಅವನಿಗೆ ಬಾಯಲ್ಲಿ ಹೇಳಿದ್ದೆವು. ಫಾರಂ ತುಂಬಿದವನು ಅವನೇ. ಅದರಲ್ಲಿ ಬಿಪಿ "ಇಲ್ಲ" ಅಂತ ಟಿಕ್ ಹಾಕಿದ್ದ. ಆಸ್ಪತ್ರೆ ಬಿಲ್ ಬಂದಾಗ "ನೀವು ಮುಚ್ಚಿಟ್ಟಿರಿ" ಅಂತ ಕ್ಲೇಮ್ ತಳ್ಳಿದರು. ಮುಚ್ಚಿಟ್ಟವರು ಯಾರು? ಅತ್ತೆ ಹಾಕಿದ ಸಹಿಯ ಮೇಲಿನ ಒಂದು ಸಾಲನ್ನೂ ಅವರು ಓದಿಲ್ಲ. ಓದೋಕೆ ಬರಲ್ಲ.

ನಾನು ಕೇಳೋದು ಒಂದೇ. ಯಾವ ಭಾಷೆಯಲ್ಲಿ ಮಾತಾಡಿ ಮಾರಿದರೋ ಅದೇ ಭಾಷೆಯಲ್ಲಿ ಕಾಗದ ಕೊಡಬೇಕು.

ಮೇಷ್ಟ್ರು, ಸುರಪುರ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 51.8, ರಾಜ್ಯದಲ್ಲೇ ಕೊನೆ. ಇಂಥ ಕಡೆ ಇಂಗ್ಲಿಷ್ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು "ಷರತ್ತು ಓದಿ ಒಪ್ಪಿದ್ದಾರೆ" ಅಂತ ವಾದ ಮಾಡೋದನ್ನು ಕಾನೂನು ಹೇಗೆ ಒಪ್ಪುತ್ತೆ?

ಒಂದು ಸಣ್ಣ ಸುಧಾರಣೆ ಆಗಿದೆ, ಜನಕ್ಕೆ ಗೊತ್ತಿಲ್ಲ. 2024ರ ಜನವರಿ 1ರಿಂದ ಆರೋಗ್ಯ ವಿಮೆ ಕಂಪನಿಗಳು ಸರಳ ಮಾಹಿತಿ ಪತ್ರ ಕೊಡಬೇಕು. ಏನು ಸಿಗುತ್ತೆ, ಏನು ಸಿಗಲ್ಲ, ಎಷ್ಟು ದಿನ ಕಾಯಬೇಕು ಅಂತ ಅದರಲ್ಲಿ ಇರುತ್ತೆ. ಗ್ರಾಹಕರು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. "ಕೇಳಿದರೆ" ಅನ್ನೋ ಆ ಒಂದು ಪದ ತೆಗೆಯಬೇಕು. ಓದೋಕೆ ಬರದವರು ಏನಂತ ಕೇಳ್ತಾರೆ?

ಭಾಲ್ಕಿ ಅಕ್ಕ

ಇದು ನನಗೆ ಗೊತ್ತೇ ಇರಲಿಲ್ಲ ಸರ್. ಈಗ ಏನು ಮಾಡಲಿ?

ಕರಿಕೋಟು, ಕಲಬುರಗಿ

ಎರಡು ದಾರಿ ಇದೆ ಅಕ್ಕಾ. ವಿಮಾ ಓಂಬುಡ್ಸ್‌ಮನ್, ಅಂದ್ರೆ ವಿಮೆ ತಕರಾರು ಕೇಳೋ ಅಧಿಕಾರಿ, ಅವರ ಹತ್ತಿರ ಹೋಗಬಹುದು, ಖರ್ಚಿಲ್ಲ, 50 ಲಕ್ಷದವರೆಗಿನ ತಕರಾರು ನೋಡ್ತಾರೆ. ಇಲ್ಲಾಂದ್ರೆ ಬೀದರ್ ಜಿಲ್ಲಾ ಗ್ರಾಹಕರ ಆಯೋಗ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಪಾಲಿಸಿ ಬಿಡದೆ ಐದು ವರ್ಷ ಕಟ್ಟಿದ್ದರೆ ಮುಚ್ಚಿಟ್ಟಿದ್ದೀರಿ ಅಂತ ತಳ್ಳೋ ಹಾಗಿಲ್ಲ, ಮೋಸ ಅಂತ ಅವರು ಸಾಬೀತು ಮಾಡಿದರೆ ಮಾತ್ರ. 2024ರಲ್ಲಿ ಎಂಟು ವರ್ಷ ಇದ್ದದ್ದನ್ನು ಐದಕ್ಕೆ ಇಳಿಸಿದರು. ನಿಮ್ಮದು ಎಷ್ಟು ವರ್ಷ ಆಯಿತು ನೋಡಿ.

ಭಾಲ್ಕಿ ಅಕ್ಕ

ಆರನೇ ವರ್ಷ!! ಇವತ್ತೇ ಕಾಗದ ತೆಗೀತೀನಿ.

ಬಿದರಿ ಮನೆ, ಬೀದರ್

ಗ್ರಾಹಕರಷ್ಟೇ ಅಲ್ಲ, ಮಾಡೋ ಕೈಗಳೂ ಮೋಸ ಹೋಗ್ತಿವೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಬಿದರಿ ಕೆಲಸ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪು ಬರಿಸ್ತೀವಿ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು (ಜಿಐ), ಅಂದ್ರೆ ಇದು ಈ ಊರಿನದೇ ಅನ್ನೋ ಕಾನೂನಿನ ಗುರುತು, ಸಿಕ್ಕಿದೆ. ಮೊನ್ನೆ ಬೆಂಗಳೂರಿಂದ ಒಬ್ಬರು ಹೂದಾನಿ ಹಿಡಕೊಂಡು ನಮ್ಮ ಮನೆಗೇ ಬಂದರು. ಆನ್‌ಲೈನ್‌ನಲ್ಲಿ ಬಿದರಿ ಅಂತ ಕೊಂಡಿದ್ದರಂತೆ. ಒರೆಸಿದರೆ ಬಣ್ಣ ಬಟ್ಟೆಗೆ ಬಂತು. ಬರೀ ಬಳಿದ ಕಪ್ಪು. ಅವರು ಬೈದಿದ್ದು ಬೀದರ್ ಕೆಲಸಗಾರರಿಗೆ.

2020ರ ಇ-ಕಾಮರ್ಸ್ ನಿಯಮದಲ್ಲಿ ಮಾರುವವರ ವಿವರ, ವಸ್ತು ಯಾವ ದೇಶದ್ದು ಅಂತ ತೋರಿಸಬೇಕು ಅಂತಿದೆ. ದೇಶ ಸಾಲದು. ಭೌಗೋಳಿಕ ಗುರುತಿನ ಹೆಸರು ಹಾಕಿ ಮಾರಿದರೆ, ಮಾಡಿದವರ ನೋಂದಣಿ ಸಂಖ್ಯೆಯನ್ನೂ ಅದೇ ಪುಟದಲ್ಲಿ ಹಾಕಬೇಕು. ನಂಬರ್ ಇಲ್ಲದಿದ್ದರೆ ಬಿದರಿ ಅನ್ನೋ ಹೆಸರನ್ನೇ ತೆಗೆಸಬೇಕು.

ಗಂಜ್ ರೋಡ್

ಕಲಬುರಗಿ ತೊಗರಿಗೂ 2019ರಲ್ಲಿ ಗುರುತು ಸಿಕ್ಕಿದೆ. ಬೇರೆ ಕಡೆಯಿಂದ ಬಂದ ಬೇಳೆಯನ್ನು ನಮ್ಮ ಹೆಸರಿನ ಚೀಲದಲ್ಲಿ ತುಂಬಿದರೆ ಕೇಳೋರು ಯಾರು?

ಶಹಾಪುರ 98

ವಿಷಯ ಬೇರೆ ಕಡೆ ಹೋಗ್ತಿದೆ. ಆದರೂ ಕೇಳ್ತೀನಿ. ಗಂಜಿನಲ್ಲಿ, ಅಂದ್ರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಮಾಲು ತೂಗುವಾಗ ಸೂಟು ಅಂತ ಸ್ವಲ್ಪ ತೂಕ ಕಡಿದುಕೊಳ್ಳುತ್ತಾರಲ್ಲ, ಅದಕ್ಕೂ ಗ್ರಾಹಕರ ಕೋರ್ಟಿಗೆ ಹೋಗಬಹುದಾ?

ಲೆಕ್ಕ ಬರೆಯೋನು, ಕಲಬುರಗಿ

ಇಲ್ಲ. ಅಲ್ಲಿ ರೈತ ಮಾರುವವನು, ಕೊಳ್ಳುವವನಲ್ಲ. ಅದು ಎಪಿಎಂಸಿಗೆ ಹೇಳೋ ವಿಷಯ. ತಕ್ಕಡಿಯ ಮೇಲೇ ಅನುಮಾನ ಇದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಮುದ್ರೆ ಯಾವಾಗಿನದು ಅಂತ ನೋಡೋ ಹಕ್ಕು ನಿಮಗಿದೆ. ಪೆಟ್ರೋಲ್ ಬಂಕಿನಲ್ಲೂ ಹಾಗೇ. ಐದು ಲೀಟರ್ ಅಳತೆ ಡಬ್ಬಿ ಇಟ್ಟಿರಬೇಕು, ಕೇಳಿದರೆ ಅಳೆದು ತೋರಿಸಬೇಕು. ನಾನು ಒಂದು ಸಲ ಕೇಳಿದೆ. ಮುಖ ಗಂಟು ಹಾಕಿಕೊಂಡರು, ಆದರೆ ಅಳೆದರು. ಸರಿ ಇತ್ತು.

ಮೇಷ್ಟ್ರು, ಸುರಪುರ

ಮತ್ತೆ ಮೂಲ ಪ್ರಶ್ನೆಗೆ ಬರ್ತೀನಿ. ನಾನು ಕೇಳೋ ಬದಲಾವಣೆ ಜಿಲ್ಲಾ ಆಯೋಗದ ಅಧಿಕಾರದ ಬಗ್ಗೆ. ಒಪ್ಪಂದದಲ್ಲೇ ಅನ್ಯಾಯದ ಷರತ್ತು ಇದ್ದರೆ, ಅಂದ್ರೆ ಒಂದೇ ಕಡೆಗೆ ಲಾಭ ಆಗೋ ಹಾಗೆ ಬರೆದಿದ್ದರೆ, ಆ ದೂರನ್ನು ಜಿಲ್ಲಾ ಆಯೋಗ ನೋಡೋ ಹಾಗಿಲ್ಲ. ರಾಜ್ಯ ಆಯೋಗ ಅಥವಾ ರಾಷ್ಟ್ರೀಯ ಆಯೋಗವೇ ನೋಡಬೇಕು. ಐದು ಸಾವಿರ ರೂಪಾಯಿಯ ಒಪ್ಪಂದವಾದರೂ ಅಷ್ಟೇ. ಹಳ್ಳಿಯವರಿಗೆ ಇಂಥ ಷರತ್ತುಗಳೇ ಜಾಸ್ತಿ ಹೊಡೆತ ಕೊಡೋದು. ಅದನ್ನೇ ಹತ್ತಿರದ ಆಯೋಗದಿಂದ ಕಿತ್ತು ದೂರ ಇಟ್ಟಿದ್ದಾರೆ.

ಕರಿಕೋಟು, ಕಲಬುರಗಿ

ಮೇಷ್ಟ್ರೇ, ಅದಕ್ಕೆ ಕಾರಣ ಇದೆ. ಒಂದೇ ಕಂಪನಿಯ ಒಂದೇ ಷರತ್ತನ್ನು ಬೀದರಿನಲ್ಲಿ ತಪ್ಪು ಅಂತ, ಬಳ್ಳಾರಿಯಲ್ಲಿ ಸರಿ ಅಂತ ಹೇಳಿದರೆ ಗೊಂದಲ.

ಮೇಷ್ಟ್ರು, ಸುರಪುರ

ಗೊಂದಲ ಆದರೆ ಮೇಲ್ಮನವಿ ಇದೆಯಲ್ಲ ವಕೀಲರೇ. 45 ದಿನ ಟೈಮ್ ಇದೆ. ಕಂಪನಿಗೆ ಮೇಲೆ ಹೋಗೋ ಶಕ್ತಿ ಇದೆ, ಹೋಗಲಿ. ಶಕ್ತಿ ಇಲ್ಲದವನಿಗೆ ಶುರುವಿನಲ್ಲೇ "ಮೇಲೆ ಹೋಗು" ಅನ್ನೋದು ಯಾವ ನ್ಯಾಯ? ಕೊಟ್ಟ ದುಡ್ಡು ಇಂತಿಷ್ಟರೊಳಗೆ ಇದ್ದರೆ ಅಂಥ ದೂರನ್ನೂ ಜಿಲ್ಲಾ ಆಯೋಗವೇ ನೋಡಲಿ.

ಕರಿಕೋಟು, ಕಲಬುರಗಿ

ಸರಿ, ಸಣ್ಣ ಮೊತ್ತಕ್ಕೆ ಹಾಗೆ ಮಾಡಬಹುದು. ನನ್ನ ಬದಲಾವಣೆಯನ್ನೂ ಬರೆದುಬಿಡ್ತೀನಿ. ಕಾಯ್ದೆಯಲ್ಲಿ ಅವಧಿ ಇದೆ. ಎದುರಿನವರಿಗೆ ನೋಟಿಸ್ ಸಿಕ್ಕ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳು. ಉತ್ತರ ಕೊಡೋಕೆ 30 ದಿನ, ಜಾಸ್ತಿ ಅಂದ್ರೆ ಇನ್ನೂ 15 ದಿನ. ಈ 45 ದಿನ ದಾಟಿದರೆ ಉತ್ತರ ತಗೊಳ್ಳೋ ಹಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠವೇ ಹೇಳಿದೆ. ಆದರೆ ಮೂರು ತಿಂಗಳ ಅವಧಿ ಮಾತ್ರ "ಸಾಧ್ಯವಾದಷ್ಟು" ಅನ್ನೋ ರೀತಿಯಲ್ಲಿದೆ. ಅಧ್ಯಕ್ಷರ ಕುರ್ಚಿ, ಸದಸ್ಯರ ಕುರ್ಚಿ ಖಾಲಿ ಬಿದ್ದರೆ ಎಲ್ಲ ನಿಂತುಹೋಗುತ್ತೆ. 2020ರ ನಿಯಮದ ಪ್ರಕಾರ ನೇಮಕ ನಾಲ್ಕು ವರ್ಷಕ್ಕೆ. ಅವರು ಕೆಲಸ ಹಿಡಿಯೋ ಹೊತ್ತಿಗೆ ಅವಧಿ ಮುಗಿಯುತ್ತಾ ಬರುತ್ತೆ, ಮತ್ತೆ ಅರ್ಜಿ, ಮತ್ತೆ ಕಾಯೋದು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕೇಳಿತು. ಗ್ರಾಹಕ ವ್ಯಾಜ್ಯಗಳಿಗೆ ಕಾಯಂ ವ್ಯವಸ್ಥೆ ಮಾಡೋಕೆ ಆಗುತ್ತಾ, ಹೇಳಿ ಅಂತ ಕೇಂದ್ರಕ್ಕೆ ಸೂಚಿಸಿತು. ನಾನು ಕೇಳೋದು ಅದೇ. ಕಾಯಂ ನ್ಯಾಯಾಧೀಶರು, ಕಾಯಂ ಸಿಬ್ಬಂದಿ. ಕುರ್ಚಿ ಖಾಲಿಯಾಗೋ ಮೊದಲೇ ಮುಂದಿನವರ ನೇಮಕ ಮುಗಿದಿರಬೇಕು.

ಶಹಾಪುರ 98

ಇದರ ಜೊತೆ ಇನ್ನೊಂದು. ನನ್ನ ಅಣ್ಣ ಕೇಸು ಗೆದ್ದ. ಮೊಬೈಲ್ ಅಂಗಡಿ ಮೇಲೆ. ಆದೇಶ ಬಂತು, ದುಡ್ಡು ಬರಲಿಲ್ಲ. ಮತ್ತೆ ಜಾರಿ ಅರ್ಜಿ ಹಾಕಬೇಕು ಅಂದರು. ಅವನಿಗೆ ಸಾಕಾಗಿ ಬಿಟ್ಟುಬಿಟ್ಟ. ಗೆದ್ದವನು ಯಾಕೆ ಮತ್ತೆ ಓಡಾಡಬೇಕು?

ಕರಿಕೋಟು, ಕಲಬುರಗಿ

ಬಿಡಬಾರದಿತ್ತು. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲಾ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲಾ ಎರಡೂ ಇದೆ. ಆ ಅರ್ಜಿ ಹಾಕಿದ ತಕ್ಷಣ ಎಷ್ಟೋ ಜನ ಚೆಕ್ ಹಿಡಕೊಂಡು ಬರ್ತಾರೆ. ಆದರೆ ನಿಮ್ಮ ಪ್ರಶ್ನೆ ಖರೆ ಇದೆ. ದುಡ್ಡು ಜಮೆ ಆಯಿತಾ ಅಂತ ಆಯೋಗವೇ ತಾನಾಗಿ ಕೇಳೋ ವ್ಯವಸ್ಥೆ ಬೇಕು.

ದುಕಾನ್‌ದಾರ, ಹುಮನಾಬಾದ್

ದಂಡ, ಜೈಲು ಅಂತ ಎಲ್ಲರೂ ಹೇಳ್ತಿದ್ದೀರಿ. ದಂಡ ಹೋಗೋದು ಸರ್ಕಾರಕ್ಕೆ. ಮೋಸ ಹೋದವನಿಗೆ ಏನು?

ಬೀಜ ನೋಡಿದವನು, ಸೇಡಂ

ಈ ಪ್ರಶ್ನೆ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. 1966ರ ಬೀಜ ಕಾಯ್ದೆ ತೆಗೆದು ನೋಡಿ. ಮೊದಲ ತಪ್ಪಿಗೆ ದಂಡ ಐನೂರು ರೂಪಾಯಿವರೆಗೆ. ಐನೂರು! ಒಂದು ಪಾಕೀಟು ಬೀಜದ ಬೆಲೆಯೂ ಅಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಹೊಸ ಬೀಜ ಮಸೂದೆಯ ಕರಡು ಪ್ರಕಟಿಸಿತು. ಅದರಲ್ಲಿ ದೊಡ್ಡ ತಪ್ಪಿಗೆ 30 ಲಕ್ಷದವರೆಗೆ ದಂಡ, ಮೂರು ವರ್ಷದವರೆಗೆ ಜೈಲು ಅಂತ ಬರೆದಿದ್ದಾರೆ. ಒಳ್ಳೇದು. ಆದರೆ ಆಳಂದದ ಈ ಹುಡುಗನ ಬೆಳೆ ಹೋಯಿತಲ್ಲ, ಅವನಿಗೆ ಬರಬೇಕಾದ್ದು ಅವನ ಕೈಗೆ ಯಾವ ತಿಂಗಳು ಬರುತ್ತೆ? ಮುಂದಿನ ಬಿತ್ತನೆಗೆ ಮೊದಲು ಬಂದರೆ ಅದು ಪರಿಹಾರ. ಮೂರು ವರ್ಷ ಬಿಟ್ಟು ಬಂದರೆ, ಅಷ್ಟರಲ್ಲಿ ಅವನು ಮಾಡಿದ ಸಾಲದ ಬಡ್ಡಿಗೂ ಸಾಲದು.

ಹೊಲದ ಹುಡುಗ, ಆಳಂದ

ಕಾಕಾ, ನೀವು ನನ್ನ ಮನೆ ಲೆಕ್ಕ ನೋಡಿದ ಹಾಗೆ ಬರೆದಿದ್ದೀರಿ. ಎರಡನೇ ಬಿತ್ತನೆಯ ಖರ್ಚಿಗೆ ಅಪ್ಪ ಸಾಲ ತಂದಿದ್ದರು. ಅದಕ್ಕೇ ಬಡ್ಡಿ ನಡೀತಿದೆ.

ಮೇಷ್ಟ್ರು, ಸುರಪುರ

ತಮ್ಮಾ, 1915ಕ್ಕೆ ಫೋನ್ ಮಾಡಿದ್ದೀಯಾ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡ್ತಾರೆ. ನನ್ನ ಮಗಳ ಕೋಚಿಂಗ್ ಫೀಸು ವಾಪಸ್ ಬಂದದ್ದು ಅದರಿಂದಲೇ. ಎರಡು ತಿಂಗಳು "ನಾಳೆ ಬನ್ನಿ" ಅಂದವರು, ಅಲ್ಲಿ ದೂರು ದಾಖಲಾದ ಮೇಲೆ ಹದಿನೈದು ದಿನದಲ್ಲಿ ಕೊಟ್ಟರು.

ಹೊಲದ ಹುಡುಗ, ಆಳಂದ

ಮಾಡಿದ್ದೆ ಸರ್. ದೂರು ಬರೆದುಕೊಂಡರು, ಕಂಪನಿಗೆ ಕಳಿಸಿದರು. "ರೈತ ಆಳ ಬಿತ್ತಿದ್ದಾನೆ" ಅಂತ ಕಂಪನಿ ಉತ್ತರ ಕೊಟ್ಟಿತು. ಅಲ್ಲಿಗೆ ಮುಗಿಸಿದರು. ಸಹಾಯವಾಣಿಯವರಿಗೆ ಆದೇಶ ಮಾಡೋ ಅಧಿಕಾರ ಇಲ್ಲವಂತೆ.

ಮೇಷ್ಟ್ರು, ಸುರಪುರ

ಹೌದು, ಅಧಿಕಾರ ಇಲ್ಲ. ಆದರೆ ದೂರಿನ ನಂಬರ್ ಇಟ್ಟುಕೋ. ನೀನು ಸುಮ್ನೆ ಕೂತಿರಲಿಲ್ಲ ಅನ್ನೋದಕ್ಕೆ ಅದು ಸಾಕ್ಷಿ.

ಕರಿಕೋಟು, ಕಲಬುರಗಿ

ತಮ್ಮಾ, ಮೊಳಕೆ ಬರದಿದ್ದಾಗ ರೈತ ಸಂಪರ್ಕ ಕೇಂದ್ರದವರನ್ನು ಕರೆದಿದ್ದೀರಾ? ಹೊಲಕ್ಕೆ ಯಾರಾದರೂ ಬಂದಿದ್ದರಾ?

ಹೊಲದ ಹುಡುಗ, ಆಳಂದ

ಬಂದಿದ್ದರು. ಸಾಲು ಎಣಿಸಿದರು, ಒಂದು ಕಡೆ ಮಣ್ಣು ಕೆದರಿ ಬೀಜ ಎಷ್ಟು ಆಳ ಇದೆ ಅಂತ ನೋಡಿದರು, ಪುಸ್ತಕದಲ್ಲಿ ಬರೆದುಕೊಂಡು ಅಪ್ಪನ ಸಹಿ ತಗೊಂಡರು. ನಕಲು ನಾವು ಕೇಳಲಿಲ್ಲ.

ಕರಿಕೋಟು, ಕಲಬುರಗಿ

ಅಯ್ಯೋ, ಇದನ್ನು ಮೊದಲೇ ಹೇಳಬೇಕಲ್ಲ! ಬಿತ್ತನೆ ಆಳವನ್ನೇ ನೋಡಿ ಬರೆದಿದ್ದಾರೆ ಅಂದ್ರೆ ಕಂಪನಿಯ ಮುಖ್ಯ ವಾದಕ್ಕೆ ಉತ್ತರ ಅದರಲ್ಲೇ ಇದೆ. ಬೀಜ ಇಲ್ಲದಿದ್ದರೂ ಹೊಲ ನೋಡಿದವರ ವರದಿಯನ್ನು ಸಾಕ್ಷಿಯಾಗಿ ಕೊಡಬಹುದು. ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಹೋಗಿ ನಕಲು ಕೇಳಿ. ಕೊಡಲಿಲ್ಲ ಅಂದ್ರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಕೊಡಬೇಕು.

ಇನ್ನೊಂದು. ಅದೇ ಲಾಟಿನ ಬೀಜ ಕೊಂಡವರು ಬೇರೆಯವರು ಇದ್ದಾರಾ? ಒಂದೇ ತೊಂದರೆ ಆದವರು ಆಯೋಗದ ಅನುಮತಿ ತಗೊಂಡು ಒಟ್ಟಿಗೆ ಒಂದೇ ದೂರು ಕೊಡಬಹುದು. ಒಬ್ಬನ ಹೊಲ ಕೆಟ್ಟರೆ ಬಿತ್ತನೆ ತಪ್ಪು ಅಂತಾರೆ. ಹತ್ತು ಜನರ ಹೊಲ ಕೆಟ್ಟರೆ ಏನಂತಾರೆ?

ಬಿದರಿ ಮನೆ, ಬೀದರ್

ಲಾಟ್ ನಂಬರ್ ಎಲ್ಲಿರುತ್ತೆ?

ಬೀಜ ನೋಡಿದವನು, ಸೇಡಂ

ಪಾಕೀಟಿನ ಮೇಲೇ ಇರುತ್ತೆ. ತಾರೀಖು, ಮೊಳಕೆ ಪ್ರಮಾಣ, ತಳಿ ಹೆಸರು ಎಲ್ಲ ಒಂದೇ ಕಡೆ. ಖಾಲಿ ಪಾಕೀಟು ಇದೆಯಾ ತಮ್ಮಾ? ಮಾದರಿ ಇಡೋ ಒಂದು ವರ್ಷ ಇನ್ನೂ ದಾಟಿಲ್ಲ. ಈಗಲೇ ಕಂಪನಿಗೆ ರಿಜಿಸ್ಟರ್ ಪೋಸ್ಟ್‌ನಲ್ಲಿ ಬರೆದು "ಈ ಲಾಟಿನ ಮಾದರಿ ಎಸೆಯಬೇಡಿ, ತಕರಾರು ಇದೆ" ಅಂತ ತಿಳಿಸಿ. ಆಮೇಲೆ ಎಸೆದರೆ ಅದನ್ನೂ ಆಯೋಗಕ್ಕೆ ತೋರಿಸಬಹುದು.

ಹೊಲದ ಹುಡುಗ, ಆಳಂದ

ಪಾಕೀಟು ಎಸೆದಿದ್ದೇವೆ ಅಂದುಕೊಂಡಿದ್ದೆ. ಈಗ ಅವ್ವನನ್ನು ಕೇಳಿದೆ. ಎರಡು ಪಾಕೀಟಿನಲ್ಲಿ ಒಣ ಮೆಣಸಿನಕಾಯಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಇಳಿಸಿ ನೋಡಿದೆ. ಒಂದರ ಮೇಲೆ ಅಚ್ಚು ಉಜ್ಜಿ ಹೋಗಿದೆ, ಇನ್ನೊಂದರ ಮೇಲೆ ಲಾಟ್ ನಂಬರ್ ಪೂರ್ತಿ ಓದೋಕೆ ಬರುತ್ತೆ. ಫೋಟೋ ತೆಗೆದಿದ್ದೇನೆ. ನಮ್ಮ ಊರಲ್ಲೇ ಅದೇ ಅಂಗಡಿಯಿಂದ ತಂದವರು ಇನ್ನೂ ಮೂರು ಮನೆ ಇದ್ದಾರೆ. ನಾಳೆ ಎಲ್ಲರ ಮನೆಗೂ ಹೋಗ್ತೀನಿ. ಸೋಮವಾರ ಕೃಷಿ ಕಚೇರಿ.

ಭಾಲ್ಕಿ ಅಕ್ಕ

ಹೋಗಿ ಬಾ ತಮ್ಮಾ. ಏನಾಯಿತು ಅಂತ ಇಲ್ಲೇ ಬರಿ.

ತೋಟದ ಮನೆ, ಅಫಜಲಪುರ

ಇವತ್ತೇ ಈ ಚರ್ಚೆ ನೋಡಿದೆ. ಜೂನ್‌ನಲ್ಲಿ ನಮ್ಮ ಮಾವನ ನಾಲ್ಕು ಎಕರೆಯದ್ದೂ ಇದೇ ಕಥೆ ಆಗಿತ್ತು. ನಾವು ಮಳೆಯ ತಪ್ಪು ಅಂದುಕೊಂಡು ಸುಮ್ಮನಾಗಿದ್ದೆವು. ಲಾಟ್ ನಂಬರಿನ ಕೊನೆಯ ಮೂರು ಅಂಕಿ ಏನು ಅಣ್ಣಾ? ನಮ್ಮ ಪಾಕೀಟು ಕೊಟ್ಟಿಗೆಯಲ್ಲಿ ಇರಬೇಕು, ಬೆಳಿಗ್ಗೆ ನೋಡಿ ಹೇಳ್ತೀನಿ.